ಬಂಡೆಗುಡ್ಡ ಪಾಳುಭೂಮಿಯಲ್ಲ

ಕೇಂದ್ರದ ಭೂಸಂಪನ್ಮೂಲ ಇಲಾಖೆ 2019ರಲ್ಲಿ ಹೊರತಂದ ದೇಶದ ಪಾಳುಭೂಮಿಗಳ ನಕಾಶೆ ಸಂಪುಟವು ಬಂಡೆಪ್ರದೇಶವನ್ನೂ ಕುರುಚಲು ನೆಲವನ್ನೂ ಪಾಳುಭೂಮಿಯ ವರ್ಗಗಳಲ್ಲಿ ಸೇರಿಸಿರುವುದು, ರಾಯದುರ್ಗ ಮತ್ತು ಮಡಕಶಿರ ಸೀಮೆಯ ಗುಡ್ಡಗಳ ಮಟ್ಟಿಗಂತೂ, ಒಪ್ಪತಕ್ಕ ನಿಲುವಲ್ಲ. ಉತ್ಪಾದನೆಯ ಲೆಕ್ಕದಲ್ಲಿ ಕಡಿಮೆ ಫಲ ಕೊಡುವ ನೆಲವು ಜೀವಿಗಳ ಲೆಕ್ಕದಲ್ಲಿಯೂ ಬರಿದೆಂದು ಭಾವಿಸುವುದೇ ಇಲ್ಲಿನ ಮೂಲ ದೋಷ. ಪಶ್ಚಿಮ ಘಟ್ಟದ ಬಿಳಿಹೊಟ್ಟೆಯ ದೊಡ್ಡ ಮರಕುಟಿಗಕ್ಕೆ ಗೂಡು ಕೊರೆಯಲು ದಪ್ಪ ಕಾಂಡದ ಹಳೆಯ ಮರಗಳು ಬೇಕೆಂಬುದು ನಿಜವಾದರೂ, ಆ ಅಳತೆಗೋಲಿನಿಂದ ಬಯಲುಸೀಮೆಯ ಬೆಟ್ಟಗಳನ್ನು ಅಳೆಯಲಾಗದು. ದಕ್ಷಿಣ ಭಾರತದ ಹೊರಗೆ ಎಲ್ಲಿಯೂ ಇಲ್ಲದ, ಅಂದರೆ ಸ್ಥಾನಿಕ ಪ್ರಭೇದವಾದ, ಹಳದಿ ಕೊರಳಿನ ಪಿಕಳಾರವು ಬಂಡೆಗಳ ನಡುವಿನ ಮುಳ್ಳುಪೊದೆಗಳಲ್ಲಿಯೇ ನೆಲೆಸಿ, ಸಣ್ಣ ಹಣ್ಣು ಮತ್ತು ಕೀಟಗಳಿಂದ ಬದುಕುತ್ತದೆ. ನಂದಿಬೆಟ್ಟ ಅದರ ಪ್ರಸಿದ್ಧ ನೆಲೆಗಳಲ್ಲೊಂದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಅಪಾಯವಿರುವ ಹಕ್ಕಿಗಳ ಪಟ್ಟಿಯಲ್ಲಿಟ್ಟಿದೆ. ಕಲ್ಲುಗಣಿ ಮತ್ತು ಸೌದೆ ಕಡಿತ ಅದರ ನೆಲೆಗೆ ಬಂದ ಮುಖ್ಯ ಕುತ್ತುಗಳು. ಪಾಳುಭೂಮಿ ಎಂಬ ಹಣೆಪಟ್ಟಿ ಅಂಟಿದ ಗುಡ್ಡವನ್ನು ಗಣಿಗೆ ಒಪ್ಪಿಸುವುದು ಸುಲಭ. ಒಡೆದ ಬಂಡೆಯನ್ನು ಮತ್ತೆ ಕೂಡಿಸುವುದು ಅಸಾಧ್ಯ. ಆದ್ದರಿಂದ ಹಕ್ಕಿಗಳ ಸಮೀಕ್ಷೆ ನಡೆಸದೆ ಈ ಸೀಮೆಯ ಯಾವ ಗುಡ್ಡವನ್ನೂ ಪಾಳೆಂದು ನಮೂದಿಸಬಾರದು.