ವಾಟ್ಸಾಪ್‌ನಲ್ಲಿ ಡಾಕ್ಟರ್: ಜೀವ ಉಳಿಸುವ ಮೆಸೇಜ್ ಯಾವುದು?

ಒಬ್ಬರೇ ಇರುವಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ, ಜೀವ ಉಳಿಯುತ್ತದೆ ಎಂಬ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದನ್ನು ನಂಬಬೇಡಿ. ಆಸ್ಪತ್ರೆಯಲ್ಲಿ, ಮಾನಿಟರ್ ಹಾಕಿರುವಾಗ, ಬಡಿತ ಹಠಾತ್ತಾಗಿ ತಪ್ಪಿದ ಕೆಲವರಿಗೆ ಕ್ಷಣಕಾಲ ಕೆಮ್ಮಲು ವೈದ್ಯರು ಹೇಳುವುದುಂಟು. ಅದನ್ನೇ ಯಾರೋ ಮನೆಮದ್ದು ಮಾಡಿಬಿಟ್ಟಿದ್ದಾರೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಒಪ್ಪುವುದಿಲ್ಲ. ಕೆಮ್ಮುತ್ತಾ ಕೂತರೆ ಕಳೆದುಹೋಗುವುದು ಸಮಯ.

ಆ ಸಮಯವನ್ನು ಉಳಿಸುವ ಕೆಲಸವೂ ಇದೇ ವಾಟ್ಸಾಪ್‌ನಲ್ಲಿ ನಡೆಯುತ್ತಿದೆ, ಆದರೆ ನಮಗೆ ಕಾಣದ ಗ್ರೂಪುಗಳಲ್ಲಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ನೋಡಿ. ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ಅಲ್ಲಿನ ವೈದ್ಯರನ್ನು ತಜ್ಞರಿರುವ ಗ್ರೂಪಿಗೆ ಸೇರಿಸಿಕೊಳ್ಳುವುದು ಅದರ ಕ್ರಮ. ಎದೆನೋವೆಂದು ಬಂದವರ ಇಸಿಜಿ ಫೋಟೊ ಗ್ರೂಪಿಗೆ ಬಿದ್ದರೆ ತಜ್ಞರು ನೋಡಿ ಹೇಳುತ್ತಾರೆ. ಕೇಳಲು ಸಣ್ಣ ಕೆಲಸ. ಆದರೆ ಹೃದಯದ ರಕ್ತನಾಳ ಪೂರ್ತಿ ಮುಚ್ಚಿದ್ದರೆ ಸಾಮಾನ್ಯವಾಗಿ ಇಸಿಜಿ ಗೆರೆಯ ‘ಎಸ್‌ಟಿ’ ಭಾಗ ಮೇಲೆದ್ದಿರುತ್ತದೆ. ಅದು ಗೊತ್ತಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ತೀರ್ಮಾನ ಬೇಗ ಆಗುತ್ತದೆ. ನೋವು ಶುರುವಾಗಿ 12 ಗಂಟೆಯೊಳಗೆ ಕೊಡುವಂಥದ್ದು ಅದು; ಬೇಗ ಕೊಟ್ಟಷ್ಟೂ ಹೃದಯದ ಸ್ನಾಯು ಹೆಚ್ಚು ಉಳಿಯುತ್ತದೆ. ಯಾರೂ ನೋಡದಿದ್ದರೆ ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ಕೊಟ್ಟು ಮನೆಗೆ ಕಳಿಸುವ ಅಪಾಯವಿದೆ. ಲಕ್ಷ ವ್ಯೂಸ್ ಬಂದ ಹೆಲ್ತ್ ರೀಲ್‌ಗಿಂತ ಇಂಥ ಒಂದು ಮಸುಕು ಫೋಟೊ ದೊಡ್ಡದು ಎನ್ನಬೇಕು. ರೋಗಿಯ ಹೆಸರು ಮಾತ್ರ ಅದರಲ್ಲಿ ಕಾಣಬಾರದು.

ಹಾಗಾದರೆ ರೋಗಿ ನೇರವಾಗಿ ಡಾಕ್ಟರಿಗೆ ವಾಟ್ಸಾಪ್ ಮಾಡಬಹುದೇ? ಮಾಡಬಹುದು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ಇದಕ್ಕೆ ಅವಕಾಶ ಕೊಟ್ಟಿದೆ. ರೋಗಿ ಯಾರೆಂದು ವೈದ್ಯರು ಖಚಿತ ಮಾಡಿಕೊಳ್ಳಬೇಕು. ತುರ್ತು ಪರಿಸ್ಥಿತಿಯಾದರೆ ಪ್ರಥಮ ಚಿಕಿತ್ಸೆ ತಿಳಿಸಿ ಆಸ್ಪತ್ರೆಗೆ ಕಳಿಸಬೇಕು. ಎದೆನೋವಿದ್ದಾಗ ಬ್ಲೂ ಟಿಕ್‌ಗೆ ಕಾಯದೆ 108ಕ್ಕೆ ಕರೆ ಮಾಡಿ.

ಎಲ್ಲರಿಗೂ ಕಾಣುವ ಪೋಸ್ಟುಗಳ ಕಥೆ ಬೇರೆ. ರೋಗಿಗಳ ಫೋಟೊ ಹಾಕಬಾರದು, ದುಡ್ಡು ಕೊಟ್ಟು ಲೈಕ್ ಕೊಳ್ಳಬಾರದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದಿತ್ತು. ಆದರೆ ಜೆನೆರಿಕ್ ಔಷಧಿಯನ್ನೇ ಬರೆಯಬೇಕೆಂಬ ಅಂಶಕ್ಕೆ ಗಲಾಟೆ ಎದ್ದು, ಅದೇ ತಿಂಗಳು ಇಡೀ ನಿಯಮಾವಳಿಯನ್ನೇ ತಡೆಹಿಡಿಯಲಾಯಿತು.

ನಮ್ಮ ಕೈಗೆ ಸಿಗುವ ಗುರುತು ಒಂದಿದೆ. ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ವೈದ್ಯರು ರೋಗಿಗೆ ಕಳಿಸುವ ವಾಟ್ಸಾಪ್ ಮೆಸೇಜ್‌ನಲ್ಲೂ ವೈದ್ಯಕೀಯ ಪರಿಷತ್ತು ಕೊಟ್ಟ ನೋಂದಣಿ ಸಂಖ್ಯೆ ಇರಬೇಕು. ದೊಡ್ಡ ಡಾಕ್ಟರ್ ಹೆಸರು ಹೊತ್ತು ಬಂದ ಫಾರ್ವರ್ಡ್‌ನಲ್ಲಿ ಆ ಸಂಖ್ಯೆಯನ್ನೊಮ್ಮೆ ಹುಡುಕಿ ನೋಡಿ.