ಬಂಡಿಯ ಬಿಡಾರಕ್ಕೆ ನೀರು

ಹಿಮ ಬೀಳುವ ದೇಶಗಳಲ್ಲಿ, ಮನೆಯಂತೆ ಸಜ್ಜಾದ ಮೋಟಾರಿನಲ್ಲಿ ಬೀಡುಬಿಡುವವರಿಗೆ ಚಳಿಗಾಲದಲ್ಲಿ ಕೊಳವೆಯ ನೀರು ಹೆಪ್ಪುಗಟ್ಟೀತೆಂಬ ಚಿಂತೆ. ಜಮಖಂಡಿಯ ಸೀಮೆಗೆ ಕಬ್ಬು ಕಡಿಯಲು ಬಂಡಿ ಹೂಡಿಕೊಂಡು ಬರುವ ಕುಟುಂಬಗಳ ಚಿಂತೆಯೇ ಬೇರೆ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಕಟ್ಟಿದ ಬ್ಯಾರೇಜಿನಿಂದ ಕೃಷ್ಣೆಯ ನೀರು ಹೊಲಗಳಿಗೇನೋ ಏರಿತು; ಹೊಲದಂಚಿನ ಗುಡಿಸಲಿಗೆ ಮಾತ್ರ ಅದು ಬಹುಮಟ್ಟಿಗೆ ಹೆಂಗಸರ ತಲೆಯ ಮೇಲೆಯೇ ಬರಬೇಕು. ಎತ್ತಿಗೂ ಅದೇ, ಕೂಸಿಗೂ ಅದೇ. ಕುಡಿಯುವ ನೀರಿನ ಕೊಡವನ್ನಾದರೂ ಬೇರೆಯಿರಿಸಿ, ಮುಚ್ಚಿ, ಉದ್ದ ಹಿಡಿಯ ಸವುಟಿನಿಂದ ಮೊಗೆಯಬೇಕು. ಕಾಲುವೆಯ ನೀರಾದರೆ ಒಂದು ನಿಮಿಷ ಚೆನ್ನಾಗಿ ಕುದಿಸಬೇಕು. ಉರುವಲಿಗೆ ರವದಿ ಕಾಲಡಿಯಲ್ಲಿಯೇ ಬಿದ್ದಿರುತ್ತದೆ. ಬೆಳೆಗೆ ಸಿಂಪಡಿಸಿದ ಔಷಧದ ಡಬ್ಬಿ ಎಷ್ಟು ತೊಳೆದರೂ ನೀರಿಗೆ ಸಲ್ಲದು. ಹೊಲದ ಒಡೆಯರೇ, ಪಂಪಿಗೆ ಕರೆಂಟು ಬಂದ ಹೊತ್ತಿನಲ್ಲಿ ಅವರನ್ನೂ ನಾಲ್ಕು ಕೊಡ ತುಂಬಿಕೊಳ್ಳಲು ಕರೆಯಿರಿ.