ಹಳೆಯ ಪುಸ್ತಕ ಮಡಿಸಿ ಕಲಾಕೃತಿ: ಯಾವುದನ್ನು ಮಡಿಸಬಹುದು, ಯಾವುದನ್ನು ಮುಟ್ಟಬಾರದು?

ಹಳೆಯ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಮಡಿಸುತ್ತಾ ಹೋಗುತ್ತಾರೆ. ಕೊನೆಗೆ ಪುಸ್ತಕವನ್ನು ತೆರೆದು ನಿಲ್ಲಿಸಿದರೆ ಅಂಚಿನಲ್ಲಿ ಹೃದಯದ ಆಕಾರವೋ, ಮಗುವಿನ ಹೆಸರೋ ಮೂಡಿರುತ್ತದೆ. ಇಂತಹ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ‘ಹಳೆಯ ಪುಸ್ತಕ ರದ್ದಿಗೆ ಹಾಕಬೇಡಿ, ಹೀಗೆ ಮಾಡಿ’ ಎಂಬುದು ಅವುಗಳ ಸಾರ.

ಸಲಹೆ ಒಳ್ಳೆಯದೇ. ಆದರೆ ಯಾವ ಹಳೆಯ ಪುಸ್ತಕ ಎಂಬುದನ್ನೂ ನೋಡಬೇಕು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂತಹ ತಾಲೂಕುಗಳಲ್ಲಿ ಅಟ್ಟದ ಮೇಲಿನ ಗಂಟಿನಲ್ಲಿ ಶಾಲೆಯ ಹಳೆಯ ಪಠ್ಯಪುಸ್ತಕವೂ ಇರಬಹುದು, ಮತ್ತೆಲ್ಲೂ ಸಿಗದ ಹಸ್ತಪ್ರತಿಯೂ ಇರಬಹುದು. ಎರಡಕ್ಕೂ ಒಂದೇ ನಿಯಮ ಸಲ್ಲದು.

ಈ ಕಲೆ ಹೇಗೆ?

ಇದರಲ್ಲಿ ಕತ್ತರಿಯಿಲ್ಲ, ಅಂಟಿಲ್ಲ. ಪ್ರತಿ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಎರಡು ಗುರುತು ಹಾಕುತ್ತಾರೆ. ಮೇಲಿನ ಗುರುತಿನಿಂದ ಒಂದು ಮೂಲೆ, ಕೆಳಗಿನ ಗುರುತಿನಿಂದ ಇನ್ನೊಂದು ಮೂಲೆ ಒಳಕ್ಕೆ ಮಡಿಸಿದರೆ ನಡುವೆ ಉಳಿಯುವ ಅಂಚು ಚಿತ್ರದ ಒಂದು ಗೆರೆಯಾಗುತ್ತದೆ. 400 ಪುಟದ ಪುಸ್ತಕದಲ್ಲಿರುವುದು 200 ಹಾಳೆ, ಅಂದರೆ 200 ಗೆರೆ. ಹಾಳೆ ಹೆಚ್ಚಿದ್ದಷ್ಟೂ ಚಿತ್ರ ಸ್ಪಷ್ಟ. ಅವಧಿ ಮುಗಿದ ಮಾರ್ಗದರ್ಶಿಗಳು, ಬದಲಾದ ಪಠ್ಯಪುಸ್ತಕಗಳು, ಹಳೆಯ ಡೈರೆಕ್ಟರಿಗಳು ಇದಕ್ಕೆ ಸೂಕ್ತ. ಒಂದು ಪ್ರತಿ ಹೋದರೂ ಬೇರೆ ಪ್ರತಿಗಳು ಇದ್ದೇ ಇರುತ್ತವೆ.

ಮಡಿಸಿದ ಪುಸ್ತಕ ನಮಗೆ ಹೊಸದೇ?

ಅಲ್ಲ. ಸರ್ಕಾರಿ ಕಚೇರಿಯಲ್ಲಿ ಇಂದು ಫೈಲಿಗೆ ‘ಕಡತ’ ಎನ್ನುತ್ತೇವೆ. ಮೂಲದಲ್ಲಿ ಕಡತ ಎಂದರೆ ಮಡಿಸಿದ ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಒಂದೇ ಅಳತೆಯಲ್ಲಿ ಹಿಂದೆ ಮುಂದೆ ಮಡಿಸುತ್ತಿದ್ದರು. ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ 12ರಿಂದ 18 ಅಡಿ ಉದ್ದದ ಕಡತಗಳನ್ನು ವಿವರಿಸಿದ್ದಾರೆ. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕಾರರಿಗೆ ಮುಖ್ಯ ಆಕರ. ನೋಡಲು ಮಾತ್ರ ಅದು ಮಸಿ ಹಿಡಿದ ಹಳೆಯ ಬಟ್ಟೆ. ಗೊತ್ತಿಲ್ಲದವರು ಒದ್ದೆ ಬಟ್ಟೆಯಿಂದ ಒರೆಸಿದರೆ ಬರಹವೇ ಅಳಿಸಿಹೋಗುತ್ತದೆ.

ಹಳೆಯ ಕಾಗದ ಎಂದರೆ ಮುರುಕು ಕಾಗದವೇ?

ಎಷ್ಟೋ ಸಲ ಇದು ತದ್ವಿರುದ್ಧ. ಹತ್ತಿ ಚಿಂದಿ, ನಾರುಗಳಿಂದ ಕೈಯಲ್ಲಿ ತಯಾರಿಸಿದ ಕಾಗದ ಮುನ್ನೂರು ವರ್ಷವಾದರೂ ಮೆತ್ತಗಿರಬಲ್ಲದು. 19ನೇ ಶತಮಾನದ ಮಧ್ಯಭಾಗದಿಂದ ಮರದ ತಿರುಳಿನ ಅಗ್ಗದ ಕಾಗದ ಬಂತು. ಶಾಯಿ ಹರಡದಂತೆ ಅದಕ್ಕೆ ಸೇರಿಸುತ್ತಿದ್ದ ಪಟಿಕ ಮತ್ತು ರಾಳ ಕಾಲಕ್ರಮೇಣ ಆಮ್ಲ ಉಂಟುಮಾಡುತ್ತವೆ. ಆಮ್ಲ ನಾರನ್ನು ತುಂಡರಿಸುತ್ತದೆ. ಬಿಸಿ ಹೆಚ್ಚಾದಷ್ಟೂ ಈ ಕ್ರಿಯೆ ಚುರುಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ, ತಗಡಿನ ಮಾಡಿನ ಕೆಳಗಿಟ್ಟ ಪುಸ್ತಕದ ಗತಿ ಹೇಳಬೇಕಿಲ್ಲ. ಹಾಗಾಗಿ ಅಜ್ಜನ ಕಾಲದ ಅಚ್ಚಿನ ಪುಸ್ತಕ ಪುಡಿಯಾಗುತ್ತಿದ್ದರೂ ಅವರ ಅಜ್ಜನ ಕೈಬರಹ ಗಟ್ಟಿಯಾಗಿರಬಹುದು. ಮೂಲೆಯನ್ನು ಎರಡು ಮೂರು ಸಲ ಹಿಂದೆ ಮುಂದೆ ಮಡಿಸಿದರೆ ಮುರಿಯುವ ಅಚ್ಚಿನ ಕಾಗದ ಈ ಕಲೆಗೂ ಬಾರದು. ಕೈಬರಹದ ಮೇಲೆ ಮಾತ್ರ ಈ ಪರೀಕ್ಷೆ ಮಾಡಲೇಬೇಡಿ.

ಅಟ್ಟದ ಗಂಟಿನಲ್ಲಿ ಏನಿರಬಹುದು?

ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತ ಭಾಷೆ ಮೊದಲು ಫಾರ್ಸಿ, ಆಮೇಲೆ ಉರ್ದು. ಮರಾಠಿಯ ಮೋಡಿ ಲಿಪಿಯೂ ಲೆಕ್ಕಪತ್ರಗಳಲ್ಲಿ ಬಳಕೆಯಲ್ಲಿತ್ತು. ಹೀಗಾಗಿ ಗೌಡರ, ಕುಲಕರ್ಣಿಯವರ ಮನೆಗಳ ಹಳೆಯ ದಫ್ತರಗಳನ್ನು ಇಂದಿನ ಮಕ್ಕಳು ಓದಲಾರರು. ಓದಲು ಬಾರದ್ದು ಬೇಡದ್ದು ಎನಿಸಿಬಿಡುತ್ತದೆ. ಅಪಾಯ ಇರುವುದು ಇಲ್ಲೇ.

ಜೇವರ್ಗಿಯ ಷಣ್ಮುಖ ಶಿವಯೋಗಿಗಳು 17ನೇ ಶತಮಾನದ ವಚನಕಾರರು, ‘ಅಖಂಡೇಶ್ವರ’ ಅವರ ಅಂಕಿತ. ಅಚ್ಚಿನ ಮನೆ ಬರುವವರೆಗೆ ಇಂತಹ ವಚನಗಳು ಉಳಿದದ್ದು ಯಾರೋ ನಕಲು ಮಾಡಿಟ್ಟ ಪ್ರತಿಗಳಿಂದ. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಸಂಗ್ರಹಿಸಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಹೊರತಂದರು. ಕೌಟಿಲ್ಯನ ‘ಅರ್ಥಶಾಸ್ತ್ರ’ ಬೆಳಕಿಗೆ ಬಂದದ್ದೂ ಮೈಸೂರಿನ ಗ್ರಂಥಾಲಯಕ್ಕೆ ಒಬ್ಬರು ತಂದುಕೊಟ್ಟ ತಾಳೆಗರಿ ಕಟ್ಟಿನಿಂದ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿದರು. ಆ ಕಟ್ಟು ಒಲೆಗೆ ಹೋಗಿದ್ದರೆ?

ಹಾಗೆಂದು ಹಳೆಯದೆಲ್ಲ ಅಮೂಲ್ಯವೂ ಅಲ್ಲ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ನಂಟಿರುವ ‘ಗುರುಚರಿತ್ರೆ’ಯ ಅಚ್ಚಿನ ಪ್ರತಿ ಎಷ್ಟೋ ಮನೆಗಳಲ್ಲಿದೆ. ಅದು ಶ್ರದ್ಧೆಯ ವಸ್ತು, ಆದರೆ ಅಪರೂಪದ್ದಲ್ಲ. ಕೈಬರಹದ ಪೋಥಿಯಾದರೆ ಮಾತು ಬೇರೆ. ಪುಸ್ತಕ ಎಷ್ಟು ಹಳೆಯದು ಎಂಬುದಕ್ಕಿಂತ, ಇಂಥದ್ದೇ ಇನ್ನೊಂದು ಪ್ರತಿ ಬೇರೆಲ್ಲಾದರೂ ಇದೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ನಂಬಿಕೆಗಳು ಮತ್ತು ವಾಸ್ತವ

‘ಸರ್ಕಾರಕ್ಕೆ ತೋರಿಸಿದರೆ ಕಿತ್ತುಕೊಳ್ಳುತ್ತಾರೆ’: ತಪ್ಪು. ಮನೆಯಲ್ಲಿ ಹಸ್ತಪ್ರತಿ ಇಟ್ಟುಕೊಳ್ಳುವುದು ಅಪರಾಧವಲ್ಲ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಐತಿಹಾಸಿಕ, ಸಾಹಿತ್ಯಿಕ ಮೌಲ್ಯವುಳ್ಳ, 75 ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿ ಪುರಾವಸ್ತುವಾಗುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ ‘ಜ್ಞಾನ ಭಾರತಂ’ ಯೋಜನೆ ಖಾಸಗಿ ಸಂಗ್ರಹಗಳನ್ನೂ ಒಳಗೊಂಡು 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಯ ಗುರಿ ಹೊಂದಿದೆ.

‘ಲ್ಯಾಮಿನೇಷನ್ ಮಾಡಿಸಿದರೆ ಶಾಶ್ವತ’: ತಪ್ಪು. ಬಿಸಿ ಕಾಗದಕ್ಕೆ ಹಾನಿ ಮಾಡುತ್ತದೆ, ಆಮ್ಲ ಒಳಗೇ ಉಳಿಯುತ್ತದೆ. ಪ್ಲಾಸ್ಟಿಕ್ ಬಿಡಿಸಲು ಹೋದರೆ ಕಾಗದವೂ ಹರಿಯುತ್ತದೆ.

‘ಬಿಸಿಲಿಗೆ ಹಾಕಿದರೆ ಹುಳು ಸಾಯುತ್ತವೆ’: ನೇರ ಬಿಸಿಲಿನ ಅತಿನೇರಳೆ ಕಿರಣ ಶಾಯಿಯನ್ನು ಮಂಕಾಗಿಸಿ ಕಾಗದವನ್ನು ಹಳದಿಯಾಗಿಸುತ್ತದೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಹರವಿ.

‘ಬೇವಿನ ಎಲೆ ಇಟ್ಟರೆ ಸಾಕು’: ಒಣಗಿದ ಬೇವು, ಬಜೆ ಬೇರು ಕೀಟವನ್ನು ಸ್ವಲ್ಪ ದೂರವಿಡಬಹುದು. ಹಸಿ ಎಲೆ ಮಾತ್ರ ತೇವ ತಂದು ಬೂಷ್ಟು ಬೆಳೆಸುತ್ತದೆ. ಇನ್ನು ಪುಸ್ತಕದೊಳಗಿನ ನವಿಲುಗರಿ ಮರಿ ಹಾಕುವುದೂ ಇಲ್ಲ, ಹುಳು ಓಡಿಸುವುದೂ ಇಲ್ಲ!

ಹಾಗಾದರೆ ಏನು ಮಾಡಬೇಕು?

ಹಳೆಯ ಗಂಟು ಬಿಚ್ಚುವಾಗ ಮಾಸ್ಕ್ ಹಾಕಿಕೊಳ್ಳಿ, ಆಮೇಲೆ ಕೈ ತೊಳೆಯಿರಿ. ಬೂಷ್ಟಿನ ಕಣಗಳು ಅಸ್ತಮಾ, ಅಲರ್ಜಿ ಇರುವವರಿಗೆ ತೊಂದರೆ ಕೊಡುತ್ತವೆ. ಹಿಂದೆ ಹುಳುವಿಗೆಂದು ಹಾಕಿದ ಕೀಟನಾಶಕದ ಪುಡಿಯೂ ಅದರಲ್ಲಿರಬಹುದು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಬೇಡಿ.

ಆಮೇಲೆ ಬೇರ್ಪಡಿಸಿ. ಕೈಬರಹ, ತಾಳೆಗರಿ, ಬಟ್ಟೆಯ ಕಡತ, ಮೊಹರಿರುವ ಕಾಗದ, ಗೊತ್ತಿಲ್ಲದ ಲಿಪಿ, ಇವು ಒಂದು ಕಡೆ. ಜಮೀನಿನ ಕಾಗದವಾಗಿದ್ದರೆ ನಾಳೆ ನಿಮ್ಮ ಹಕ್ಕಿಗೂ ಅದು ಬೇಕಾಗಬಹುದು. ಇವುಗಳ ಫೋಟೋ ತೆಗೆದು ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ಅಥವಾ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ತಜ್ಞರಿಗೆ ತೋರಿಸಿ. ಅಚ್ಚಿನ, ಬೇರೆಡೆ ಸಿಗುವ, ಯಾರೂ ಓದದ ಪುಸ್ತಕಗಳು ಇನ್ನೊಂದು ಕಡೆ. ಇವನ್ನು ಮಕ್ಕಳ ಕೈಗೆ ಕೊಡಿ. ಪೆನ್ಸಿಲ್, ಸ್ಕೇಲು ಹಿಡಿದು ಎಷ್ಟು ಬೇಕಾದರೂ ಮಡಿಸಲಿ.

ಮಡಿಸುವ ವಿಡಿಯೋ ಫಾರ್ವರ್ಡ್ ಮಾಡುವುದಿದ್ದರೆ ಜೊತೆಗೆ ಒಂದು ಸಾಲು ಸೇರಿಸಿ: ‘ಕೈಬರಹ ಇದ್ದರೆ ಮಡಿಸಬೇಡಿ, ಮೊದಲು ತಿಳಿದವರಿಗೆ ತೋರಿಸಿ.’